ಪ್ರಾಕ್ಸಿಚೈನ್ಸ್ ಹಾಕಿದರೂ ಎನ್‌ಮ್ಯಾಪ್ ‘ಹೋಸ್ಟ್ ಡೌನ್’ (ಗುರಿ ಯಂತ್ರ ಚಾಲ್ತಿಯಲ್ಲಿಲ್ಲ) ಎನ್ನುವುದಕ್ಕೆ ಪರಿಹಾರ
ಎನ್‌ಮ್ಯಾಪ್ ಯಂತ್ರಗಳ ತೆರೆದ ಪೋರ್ಟ್ ಹುಡುಕುವ ಸಾಧನ; ಪ್ರಾಕ್ಸಿಚೈನ್ಸ್ ಬೇರೆ ಪ್ರೋಗ್ರಾಂಗಳ ಸಂಪರ್ಕಗಳನ್ನು ಪ್ರಾಕ್ಸಿ ಮೂಲಕ ಕಳಿಸುವ ಸಾಧನ. ಎಸ್‌ಎಸ್‌ಎಚ್ ಸುರಂಗ (ದೂರದ ಯಂತ್ರದ ಮೂಲಕ ಸಂಪರ್ಕ ಸಾಗಿಸುವ ದಾರಿ) ಸರಿಯಿದ್ದೂ ಹೀಗಾಗುತ್ತಿದೆ ಎಂದರೆ, ಬಹುತೇಕ ನೀವು ಎನ್‌ಮ್ಯಾಪನ್ನು ಸುಡೋ ಹಾಕಿ, ಅಂದರೆ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಓಡಿಸುತ್ತಿದ್ದೀರಿ. ರೂಟ್ ಆಗಿದ್ದರೆ ಎನ್‌ಮ್ಯಾಪ್ ಸಿನ್ ಸ್ಕ್ಯಾನ್ ಮಾಡುತ್ತದೆ, ಅಂದರೆ ಪೂರ್ಣ ಸಂಪರ್ಕ ಕಟ್ಟದೆ ತಾನೇ ರೂಪಿಸಿದ ಪ್ಯಾಕೆಟ್ ಕಳಿಸುತ್ತದೆ. ಆ ಕಚ್ಚಾ ಪ್ಯಾಕೆಟ್‌ಗಳು ಪ್ರಾಕ್ಸಿಚೈನ್ಸ್ ಕೈಗೆ ಸಿಗುವುದಿಲ್ಲ, ಅದು ಹಿಡಿಯುವುದು ಟಿಸಿಪಿ ಕನೆಕ್ಟ್ ಕರೆಗಳನ್ನಷ್ಟೇ. ಪಿಂಗ್ (ಯಂತ್ರ ಇದೆಯೇ ಎಂದು ಕೇಳುವ ಸಂದೇಶ) ಕೂಡ ಸಾಕ್ಸ್ (ಈ ಸುರಂಗ ಬಳಸುವ ಪ್ರಾಕ್ಸಿ ವಿಧಾನ) ದಾಟದು.

ಮೊದಲು ಸ್ಕ್ಯಾನ್ ನಿಲ್ಲಿಸಿ. ಪ್ಯಾಕೆಟ್‌ಗಳು ಸುರಂಗದ ಮೂಲಕ ಹೋಗದೆ ನಿಮ್ಮ ಯಂತ್ರದಿಂದ ನೇರವಾಗಿ ಹೊರಟಿವೆ. ಗುರಿ 10ರಿಂದ ಶುರುವಾಗುವ (ಹಲವು ಖಾಸಗಿ ಜಾಲಗಳಲ್ಲಿ ಬಳಸುವ) ವಿಳಾಸವಾಗಿದ್ದರೆ, ನಿಮ್ಮದೇ ಜಾಲದಲ್ಲಿರುವ, ಪರೀಕ್ಷೆಗೆ ಸಿಕ್ಕ ಅನುಮತಿ ಪತ್ರದಲ್ಲಿಲ್ಲದ ಯಂತ್ರಕ್ಕೆ ತಗುಲಿರಬಹುದು.

ಆಮೇಲೆ ಪ್ರಾಕ್ಸಿಚೈನ್ಸ್ ಕಾನ್ಫಿಗ್ ಫೈಲ್‌ನ ಕೊನೆಯ ಸಾಲು ನೋಡಿ. ಅಲ್ಲಿ ಸಾಮಾನ್ಯವಾಗಿ ಟಾರ್ ಎಂಬ ಅನಾಮಿಕ ಜಾಲದ ಪೋರ್ಟ್ 9050 ಇರುತ್ತದೆ. ಅದನ್ನು ಸಾಕ್ಸ್5 ಮಾಡಿ, ಎಸ್‌ಎಸ್‌ಎಚ್‌ಗೆ ದೊಡ್ಡ ‘ಡಿ’ ಆಯ್ಕೆಯ ಜೊತೆ ಕೊಟ್ಟ ಪೋರ್ಟನ್ನೇ (ಹೆಚ್ಚಾಗಿ 1080) ಹಾಕಿ. ನಂತರ ಸುಡೋ ಇಲ್ಲದೆ, ಕನೆಕ್ಟ್ ಸ್ಕ್ಯಾನ್ ಆರಿಸಿ (ಸಣ್ಣ ಎಸ್, ದೊಡ್ಡ ಟಿ), ಪಿಂಗ್ ಬಿಟ್ಟು (ದೊಡ್ಡ ಪಿ, ಸಣ್ಣ ಎನ್), 22, 80, 443 ಪೋರ್ಟ್‌ಗಳನ್ನು ಮಾತ್ರ ಪರೀಕ್ಷಿಸಿ. ನಿಧಾನವಾಗುತ್ತದೆ, ಕಾಯಿರಿ.