ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಪಿಯುಸಿ ನಂತರ ಯಾವ ಪದವಿಗಳಿವೆ?

ಕಲೆ, ವಿಜ್ಞಾನ, ಎಂಜಿನಿಯರಿಂಗ್, ವಾಣಿಜ್ಯ, ಕೃಷಿ, ಶಿಕ್ಷಣ, ಶುಶ್ರೂಷೆ, ಚಿತ್ರಕಲೆ, ಸಂಗೀತ ಹೀಗೆ ಬಹುತೇಕ ಎಲ್ಲವೂ ಇವೆ. ಕಾನೂನು ಮಾತ್ರ ಇಲ್ಲ. 2009ರಲ್ಲಿ ಲಾ ಸ್ಕೂಲ್ ಪದ್ಧತಿ ಬಂದ ಮೇಲೆ ಅಲ್ಲಿ ಕಾನೂನು ಓದಬೇಕಾದರೆ ಮೊದಲು ಬೇರೊಂದು ಪದವಿ ಮುಗಿಸಿರಬೇಕು. ಪಿಯುಸಿ ಮುಗಿದ ಕೂಡಲೇ ಐದು ವರ್ಷದ ಎಲ್‌ಎಲ್‌ಬಿ ಸೇರುವ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಹೆಚ್ಚಿನ ಪದವಿಗಳಿಗೆ 4 ವರ್ಷ, ಸಾಮಾನ್ಯವಾಗಿ ಕನಿಷ್ಠ 130 ಕ್ರೆಡಿಟ್. ವಾಸ್ತುಶಿಲ್ಪದ ವೃತ್ತಿಪರ ಕೋರ್ಸ್‌ಗೆ 5, ವೈದ್ಯಕೀಯ, ಪಶುವೈದ್ಯಕೀಯ, ಫಾರ್ಮಸಿಗೆ 6 ವರ್ಷ. ಫಾರ್ಮಸಿಗೆ ಹೈಸ್ಕೂಲಿನಿಂದ ನೇರ ಪ್ರವೇಶ ಮತ್ತೆ ಶುರುವಾದದ್ದು 2022ರಲ್ಲಿ, ಹಳೆಯ ಮಾಹಿತಿ ನಂಬಬೇಡಿ.

ಕ್ರೆಡಿಟ್ ಎಂದರೆ ಬರೀ ಮೇಜರ್ (ಮುಖ್ಯ) ವಿಷಯದ್ದಲ್ಲ. ಬರವಣಿಗೆ, ಭಾಷೆ, ಇತಿಹಾಸ, ವಿಜ್ಞಾನದಂಥ ಸಾಮಾನ್ಯ ಶಿಕ್ಷಣದ ಪಾಲೂ ಸೇರಿರುತ್ತದೆ. ಇದರ ಜೊತೆ ಡಬಲ್ ಮೇಜರ್ (ಎರಡು ಮುಖ್ಯ ವಿಷಯ) ಅಥವಾ ಮೈನರ್ (ಉಪವಿಷಯ) ಹಿಡಿಯಬಹುದು. ಉದಾಹರಣೆಗೆ ಅರ್ಥಶಾಸ್ತ್ರದ ಜೊತೆ ಸಂಖ್ಯಾಶಾಸ್ತ್ರ. ಇದು ನಿಜಕ್ಕೂ ಒಳ್ಳೆಯ ಅವಕಾಶ, ಆದರೆ ಬೇಡಿಕೆಯ ತರಗತಿಗಳು ನೋಂದಣಿ ತೆರೆದ ಕೂಡಲೇ ತುಂಬಿಹೋಗುತ್ತವೆ. ಕಡ್ಡಾಯ ವಿಷಯವೊಂದು ಕೈತಪ್ಪಿದರೆ ಒಂದು ಸೆಮಿಸ್ಟರ್ ಹೆಚ್ಚಾಗಬಹುದು. ಇನ್ನೊಂದು: ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತರಗತಿ ತಪ್ಪಿಸಿದರೆ, ಪರೀಕ್ಷೆ ಚೆನ್ನಾಗಿ ಬರೆದಿದ್ದರೂ ಎಫ್ ಗ್ರೇಡ್.

ಎಲ್ಲಕ್ಕಿಂತ ದೊಡ್ಡ ತೊಡಕು ಭಾಷೆ. ಇಂಗ್ಲಿಷ್‌ನಲ್ಲಿ ಕೆಲವು ತರಗತಿಗಳು ಸಿಕ್ಕರೂ ಬಹುಪಾಲು ಪಾಠ ಕೊರಿಯನ್‌ನಲ್ಲೇ. ಟೋಪಿಕ್ ಎಂಬ ಕೊರಿಯನ್ ಭಾಷಾ ಪರೀಕ್ಷೆಯ 3ನೇ ಹಂತ ದಾಟಿದವರಿಗೂ ಉಪನ್ಯಾಸದ ವೇಗಕ್ಕೆ ನೋಟ್ಸ್ ಬರೆಯುವುದು ಕಷ್ಟ, 5ನೇ ಹಂತದ ಗುರಿ ಇಟ್ಟುಕೊಳ್ಳಿ. ಪೂರ್ತಿ ಇಂಗ್ಲಿಷ್‌ನಲ್ಲೇ ಓದಬೇಕೆಂದಿದ್ದರೆ ಅದೇ ನಗರದ ಯೋನ್ಸೆ ವಿಶ್ವವಿದ್ಯಾಲಯದ ಅಂಡರ್‌ವುಡ್ ಅಂತರರಾಷ್ಟ್ರೀಯ ಕಾಲೇಜು ನೋಡಿ.

ಶೈಕ್ಷಣಿಕ ವರ್ಷ ಮಾರ್ಚ್‌ನಲ್ಲಿ ಆರಂಭ, ಎರಡನೇ ಸೆಮಿಸ್ಟರ್ ಸೆಪ್ಟೆಂಬರ್‌ನಲ್ಲಿ. ಪಿಯುಸಿ ಅಂಕಪಟ್ಟಿಗೆ ಅಪೊಸ್ಟೈಲ್ (ವಿದೇಶದಲ್ಲಿ ದಾಖಲೆ ಮಾನ್ಯವಾಗಲು ಸರ್ಕಾರ ಕೊಡುವ ದೃಢೀಕರಣ) ಮಾಡಿಸುವ ಕೆಲಸವನ್ನು ಕೊನೆಗೆ ಉಳಿಸಿಕೊಳ್ಳಬೇಡಿ.