ಚಂದ್ರನೋ, ಮಂಗಳನೋ, ಮೊದಲು ಗಟ್ಟಿ ಮಾಡಿ

ರಾಯಚೂರು ಜಿಲ್ಲೆಯ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ಕೇಳಿದ್ದಾರೆ: "ಅಮೆರಿಕ 1969ರಲ್ಲೇ ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿತು. 1972ರ ನಂತರ ಯಾಕೆ ಸುಮ್ಮನಾಯಿತು? ಹೋಗಿದ್ದೇ ಸುಳ್ಳು ಅಂತಾನೆ ನನ್ನ ಮೊಮ್ಮಗ. ದುಡ್ಡು ಸಾಲದೆ ನಿಲ್ಲಿಸಿದರು ಅಂತೀನಿ ನಾನು. ಯಾರದು ಸರಿ?"

ಮೇಷ್ಟ್ರೇ, ಮೊಮ್ಮಗನ ಮಾತು ಬಿಡಿ. ಅಪೊಲೊ ಯಾತ್ರಿಗಳು ಹೊತ್ತು ತಂದ 382 ಕಿಲೋ ಕಲ್ಲು ಮಣ್ಣನ್ನು ವಿಜ್ಞಾನಿಗಳು ಇವತ್ತಿಗೂ ಪರೀಕ್ಷಿಸುತ್ತಿದ್ದಾರೆ. ನಿಮ್ಮ ಮಾತು ಅರ್ಧ ಸರಿ. 1966ರಲ್ಲಿ ಅಮೆರಿಕದ ಕೇಂದ್ರ ಬಜೆಟ್ಟಿನಲ್ಲಿ ಶೇ. 4ಕ್ಕಿಂತ ಜಾಸ್ತಿ ನಾಸಾಗೆ ಹೋಗುತ್ತಿತ್ತು. ಈಗ ಅರ್ಧ ಪರ್ಸೆಂಟೂ ಇಲ್ಲ. ಆದರೆ ಆ ಅಷ್ಟೇ ದುಡ್ಡು ನಮ್ಮ ಇಸ್ರೋ ಬಜೆಟ್ಟಿನ ಹತ್ತು ಪಟ್ಟಿಗಿಂತ ಹೆಚ್ಚು. ಬಡತನ ಇದ್ದದ್ದು ಗುರಿಯಲ್ಲಿ.

ಆಗಿನ ಅಮೆರಿಕ ಅಧ್ಯಕ್ಷ ಕೆನಡಿ ಗುರಿ ಹೇಳಿರಲಿಲ್ವಾ ಅಂತೀರಿ. ಹೇಳಿದ್ದರು. 1961ರ ಮೇ 25ರಂದು ಸಂಸತ್ತಿನಲ್ಲಿ ನಿಂತು, ಈ ದಶಕ ಮುಗಿಯುವುದರೊಳಗೆ ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿ ಕ್ಷೇಮವಾಗಿ ವಾಪಸ್ ತರಬೇಕು ಅಂದರು. ಎಲ್ಲಿಗೆ, ಯಾವಾಗ, ಎರಡೂ ಸ್ಪಷ್ಟ. ಯಾಕೆ? ರಷ್ಯಾವನ್ನು ಸೋಲಿಸಲು. 1962ರ ನವೆಂಬರಿನಲ್ಲಿ ನಾಸಾ ಮುಖ್ಯಸ್ಥ ಜೇಮ್ಸ್ ವೆಬ್ ಜೊತೆ ಅವರು ನಡೆಸಿದ ಸಭೆಯ ಧ್ವನಿಮುದ್ರಣ ಉಳಿದಿದೆ. ತನಗೆ ಬಾಹ್ಯಾಕಾಶದಲ್ಲಿ ಅಂಥ ಆಸಕ್ತಿಯೇನೂ ಇಲ್ಲ ಅಂತ ಕೆನಡಿಯೇ ಅದರಲ್ಲಿ ಹೇಳುತ್ತಾರೆ. ಕುಸ್ತಿ ಗೆದ್ದ ಮೇಲೆ ಅಖಾಡದಲ್ಲಿ ಯಾರಿರುತ್ತಾರೆ? 1970ರಲ್ಲೇ ಮೂರು ಅಪೊಲೊ ಯಾತ್ರೆಗಳು ರದ್ದಾದವು.

ಆಮೇಲಿನ ಕಥೆ ಕೇಳಿ. 1989ರಲ್ಲಿ ಅಪ್ಪ ಬುಷ್ ಚಂದ್ರನಿಗೂ ಹೋಗೋಣ, ಮಂಗಳಕ್ಕೂ ಹೋಗೋಣ ಅಂದರು. ಖರ್ಚಿನ ಅಂದಾಜು ಸುಮಾರು 50,000 ಕೋಟಿ ಡಾಲರ್ ಅಂತ ಬಂತು. ಅಲ್ಲಿಗೆ ಮುಗಿಯಿತು. 2004ರಲ್ಲಿ ಮಗ ಬುಷ್, 2020ರೊಳಗೆ ಮತ್ತೆ ಚಂದ್ರ ಅಂದರು. 2010ರಲ್ಲಿ ಒಬಾಮಾ, ಚಂದ್ರನನ್ನು ನೋಡಿಯಾಗಿದೆ, ಕ್ಷುದ್ರಗ್ರಹಕ್ಕೆ ಹೋಗೋಣ ಅಂದರು. 2017ರಲ್ಲಿ ಟ್ರಂಪ್ ಬಂದು ಪುನಃ ಚಂದ್ರ ಅಂದರು. 2019ರಲ್ಲಿ ಉಪಾಧ್ಯಕ್ಷ ಪೆನ್ಸ್ 2024ರ ಗಡುವು ಕೊಟ್ಟರು. 2024 ಬಂತು, ಹೋಯಿತು. ಅಧ್ಯಕ್ಷರಿಗೆ ಸಿಗುವುದು ನಾಲ್ಕು ವರ್ಷ, ಹೆಚ್ಚೆಂದರೆ ಎಂಟು. ದೊಡ್ಡ ರಾಕೆಟ್ ಕಟ್ಟಲು ಅದು ಸಾಲುವುದಿಲ್ಲ.

ತಮಾಷೆಯೆಂದರೆ, ಯಾತ್ರಿಗಳನ್ನು ಒಯ್ಯಲು ನಾಸಾ ಕಟ್ಟುತ್ತಿದ್ದ ಒರಾಯನ್ ನೌಕೆ ಮಾತ್ರ ಇದೆಲ್ಲದರ ನಡುವೆ ಬದುಕಿಕೊಂಡಿತು. ಚಂದ್ರನಿಗೆಂದು ಶುರುವಾಗಿ, ಕ್ಷುದ್ರಗ್ರಹಕ್ಕೆಂದು ಮುಂದುವರಿದು, ಮತ್ತೆ ಚಂದ್ರನಿಗೇ ಬಂತು. ಗಂಡು ಬದಲಾದರೂ ಚಪ್ಪರ ಅದೇ! ಇತ್ತ ನಾಸಾದ ಯಾತ್ರಿಗಳನ್ನು ಒಯ್ಯುತ್ತಿದ್ದ ಶಟಲ್ ನೌಕೆ 2011ರಲ್ಲಿ ನಿಂತಿತು. 2020ರವರೆಗೆ ಅಮೆರಿಕದವರು ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಲು ಅದೇ ರಷ್ಯಾದ ಸೊಯೂಜ್ ನೌಕೆಯಲ್ಲಿ ಸೀಟು ಕೊಂಡರು.

ನಾವೇನೂ ಬೀಗುವಂತಿಲ್ಲ. 2022ರೊಳಗೆ ಭಾರತೀಯರೊಬ್ಬರು ನಮ್ಮದೇ ನೌಕೆಯಲ್ಲಿ ಹೋಗುತ್ತಾರೆ ಅಂತ 2018ರಲ್ಲಿ ಕೆಂಪುಕೋಟೆಯಿಂದ ಘೋಷಣೆಯಾಗಿತ್ತು. ಆ ಗಡುವು ತಪ್ಪಿತು. ಈಗ 2040ಕ್ಕೆ ಚಂದ್ರ ಅಂತಿದ್ದೇವೆ. ತಡವಾದರೆ ನನಗೆ ಬೇಸರವಿಲ್ಲ. ಯಾಕೆ ಹೋಗಬೇಕು ಅನ್ನುವುದನ್ನೂ ಅಷ್ಟೇ ಜೋರಾಗಿ ಹೇಳಲಿ.

ವಿಕ್ರಂ ಸಾರಾಭಾಯಿ ನಮ್ಮ ಬಾಹ್ಯಾಕಾಶ ಕಾರ್ಯಕ್ರಮ ಶುರು ಮಾಡಿದ್ದೇ ಆ 'ಯಾಕೆ'ಯಿಂದ. ಹಳ್ಳಿಗೆ ಪಾಠ, ಬೇಸಾಯದ ಮಾಹಿತಿ ಮುಟ್ಟಬೇಕು ಅಂದರು. ಅವರು ತೀರಿಕೊಂಡ ಮೇಲೆ, 1975-76ರಲ್ಲಿ, ಅಮೆರಿಕದ ಉಪಗ್ರಹವನ್ನೇ ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ನಿಮ್ಮ ರಾಯಚೂರು, ಪಕ್ಕದ ಗುಲ್ಬರ್ಗ, ಬಿಜಾಪುರ ಕೂಡ ಅದರಲ್ಲಿದ್ದವು. ನೀವೇನಾದರೂ ಶಾಲೆಯ ಮುಂದೆ ಕೂತು ಆ ಟಿವಿ ನೋಡಿದ್ದರೆ ದಯವಿಟ್ಟು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಸಂಪಾದಕ