ಒಂದು ಟನ್ ಇಂಗಾಲ ತಗ್ಗಿಸಲು ಎಷ್ಟು ರೂಪಾಯಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹೊಲದ ಡೀಸೆಲ್ ಪಂಪಿನ ಬದಲು 5 ಎಚ್‌ಪಿ ಸೋಲಾರ್ ಪಂಪ್ ಹಾಕಿದರೆ ಇಂಗಾಲ ಕಡಿಮೆಯಾಗುತ್ತದೆ, ಸರಿ. ಅದಕ್ಕೆ ಟನ್ನಿಗೆ ಎಷ್ಟು ಖರ್ಚು? ಒಂದು ವರದಿ ‘ದುಬಾರಿ’ ಎನ್ನುತ್ತದೆ, ಇನ್ನೊಂದು ‘ಲಾಭ’ ಎನ್ನುತ್ತದೆ. ಯಾವುದನ್ನು ನಂಬಬೇಕು? (ಇಂಡಿ)

ಉತ್ತರ: ಎರಡೂ ನಿಜವಿರಬಹುದು. ಲೆಕ್ಕ ಹಾಕಿಯೇ ನೋಡಿ.

ಪಂಪಿಗೆ ಸಬ್ಸಿಡಿ ಕಳೆಯದೆ 3 ಲಕ್ಷ ರೂಪಾಯಿ, ಬಾಳಿಕೆ 20 ವರ್ಷ ಎಂದಿಟ್ಟುಕೊಳ್ಳಿ. ಈಗ ವರ್ಷಕ್ಕೆ 300 ಲೀಟರ್ ಡೀಸೆಲ್ ಉರಿಯುತ್ತಿದೆ. ಲೀಟರಿಗೆ 90 ರೂಪಾಯಿಯಂತೆ 27,000 ರೂಪಾಯಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕೆ.ಜಿ. ಇಂಗಾಲದ ಡೈಆಕ್ಸೈಡ್ (ಇಲ್ಲಿ ‘ಇಂಗಾಲ’ ಎಂದರೆ ಇದೇ) ಬರುತ್ತದೆ. ಅಂದರೆ ವರ್ಷಕ್ಕೆ ಉಳಿಯುವುದು 0.804 ಟನ್.

ಇನ್ನು 3 ಲಕ್ಷವನ್ನು ವರ್ಷದ ಕಂತಾಗಿ ಒಡೆಯಬೇಕು. ಬಡ್ಡಿ ಶೇ 10 ಆದರೆ ಕಂತು ಸುಮಾರು 35,240 ರೂಪಾಯಿ. ಅದರಿಂದ ಡೀಸೆಲ್ಲಿನ 27,000 ಕಳೆದು 0.804ರಿಂದ ಭಾಗಿಸಿದರೆ ಟನ್ನಿಗೆ ಸುಮಾರು 10,200 ರೂಪಾಯಿ ಖರ್ಚು. ಅದೇ ಬಡ್ಡಿಯನ್ನು ಶೇ 4ಕ್ಕೆ ಇಳಿಸಿ: ಕಂತು 22,070, ಟನ್ನಿಗೆ ಸುಮಾರು 6,100 ರೂಪಾಯಿ ಉಳಿತಾಯ! ಪಂಪು ಅದೇ, ಹೊಲ ಅದೇ, ಬಿಸಿಲೂ ಅದೇ. ಬದಲಾದದ್ದು ಬಡ್ಡಿ ಮಾತ್ರ. ಹಾಗಾಗಿ ಯಾವುದೇ ವರದಿ ಕೈಗೆ ಬಂದರೂ ಮೊದಲು ಬಡ್ಡಿ ದರ ಬರೆದ ಪುಟ ಹುಡುಕಿ. ಆ ಪುಟವೇ ಇಲ್ಲದಿದ್ದರೆ ಉಳಿದದ್ದನ್ನು ಓದುವ ಶ್ರಮ ಬೇಡ.

ಶೇ 10ರ ಬಡ್ಡಿಯಲ್ಲೂ ವರ್ಷಕ್ಕೆ 390 ಲೀಟರಿಗಿಂತ ಹೆಚ್ಚು ಡೀಸೆಲ್ ಉರಿಸುವವರಿಗೆ ಸೋಲಾರ್ ಗಿಟ್ಟುತ್ತದೆ. ಒಂದೇ ಊರಿನ ಇಬ್ಬರು ರೈತರಿಗೆ ಎರಡು ಉತ್ತರ ಸಿಗುವುದು ಇದಕ್ಕೇ.

ಲೆಕ್ಕ ಎಡವುವ ಜಾಗಗಳು ಇನ್ನೂ ಇವೆ. ಸೋಲಾರ್ ಬಂದ ಮೇಲೆ ನೀರೆತ್ತಲು ಪುಕ್ಕಟೆ, ಪಂಪು ದಿನವಿಡೀ ಓಡುತ್ತದೆ. ಅಷ್ಟೂ ಗಂಟೆಗಳನ್ನು ಡೀಸೆಲ್ಲಿಗೆ ಗುಣಿಸಿ ‘ಉಳಿತಾಯ’ ತೋರಿಸುವವರಿದ್ದಾರೆ. ಅದು ತಪ್ಪು. ಮೊದಲು ಉರಿಯುತ್ತಿದ್ದ 300 ಲೀಟರಷ್ಟೇ ಉಳಿದದ್ದು. ಮಿಕ್ಕ ಓಟದಿಂದ ಕೆಳಗಿಳಿಯುವುದು ಇಂಗಾಲವಲ್ಲ, ಅಂತರ್ಜಲ. ಎರಡನೆಯದು, ಲೆಕ್ಕ ಯಾರದು ಎಂಬುದು. ರೈತರ ಲೆಕ್ಕದಲ್ಲಿ ಸಬ್ಸಿಡಿ ಕಳೆಯಬೇಕು. ಸಮಾಜದ ಲೆಕ್ಕದಲ್ಲಿ ಕಳೆಯಬಾರದು, ಬದಲಿಗೆ ಡೀಸೆಲ್ ಬೆಲೆಯಿಂದ ತೆರಿಗೆಯನ್ನು ತೆಗೆಯಬೇಕು. ಏಕೆಂದರೆ ಎರಡೂ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದ ಹಣ. ಮೂರನೆಯದು, ಹಳೆಯದು ಕರೆಂಟ್ ಪಂಪಾಗಿದ್ದರೆ ಇಡೀ ಲೆಕ್ಕವೇ ಬೇರೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಅಲ್ಲಿ ರೈತರಿಗೆ ಉಳಿಯುವುದು ಸೊನ್ನೆ, ಉಳಿತಾಯವೆಲ್ಲ ಸರ್ಕಾರದ ಸಬ್ಸಿಡಿ ಖಾತೆಗೆ. ಇಂಗಾಲವನ್ನೂ ಡೀಸೆಲ್ ಲೆಕ್ಕದಲ್ಲಿ ಹಿಡಿಯದೆ ಗ್ರಿಡ್ಡಿನ (ವಿದ್ಯುತ್ ಜಾಲದ) ಸರಾಸರಿಯಾದ ಯೂನಿಟ್ಟಿಗೆ ಸುಮಾರು 0.7 ಕೆ.ಜಿ.ಯಲ್ಲಿ ಹಿಡಿಯಬೇಕು.

ಪ್ರಶ್ನೆ: ಇಂಗಾಲ ತಗ್ಗಿಸುವ ವೆಚ್ಚದ ನಕ್ಷೆಗಳಲ್ಲಿ ಕೆಲವು ಪಟ್ಟಿಗಳು ಸೊನ್ನೆ ಗೆರೆಯ ಕೆಳಗಿರುತ್ತವೆ. ಅತಿ ಕೆಳಗಿರುವುದೇ ಅತ್ಯುತ್ತಮವೇ? (ಮೈಸೂರು)

ಉತ್ತರ: ಅಲ್ಲ. ಈ ನಕ್ಷೆಯಲ್ಲಿ ಒಂದೊಂದು ಪಟ್ಟಿಯೂ ಒಂದು ಯೋಜನೆ: ಎತ್ತರ ಟನ್ನಿಗೆ ಆಗುವ ಖರ್ಚು, ಅಗಲ ತಗ್ಗುವ ಟನ್. ಸೊನ್ನೆಯ ಕೆಳಗೆಂದರೆ ಉಳಿತಾಯ. ಗೆರೆಯ ಮೇಲೆ ಸರಿಯಾಗಿ ನಡೆಯುವ ಈ ನಕ್ಷೆ ಕೆಳಗೆ ಬಂದಾಗ ಕೈಕೊಡುತ್ತದೆ. ಒಂದು ಯೋಜನೆ 1,000 ರೂಪಾಯಿ ಉಳಿಸಿ 1 ಟನ್ ತಗ್ಗಿಸುತ್ತದೆ: ಟನ್ನಿಗೆ ಮೈನಸ್ 1,000. ಇನ್ನೊಂದು ಅದೇ 1,000 ರೂಪಾಯಿ ಉಳಿಸಿ 2 ಟನ್ ತಗ್ಗಿಸುತ್ತದೆ: ಮೈನಸ್ 500. ಎರಡನೆಯದೇ ಮೇಲು ಎಂದು ಮಗುವೂ ಹೇಳುತ್ತದೆ, ನಕ್ಷೆ ಮಾತ್ರ ಮೊದಲನೆಯದಕ್ಕೆ ಮಣೆ ಹಾಕುತ್ತದೆ. ಗೆರೆಯ ಕೆಳಗಿನವನ್ನು ಸಾಲು ಹಚ್ಚುವ ಗೋಜೇ ಬೇಡ. ಆಗುವಷ್ಟನ್ನೂ ಮಾಡಿ ಮುಗಿಸುವುದು ಲೇಸು.

ಇನ್ನೊಂದು ಮಾತು: ಪಟ್ಟಿಗಳ ಅಗಲವನ್ನು ಕಣ್ಣುಮುಚ್ಚಿ ಕೂಡಬೇಡಿ. 60 ವ್ಯಾಟ್ ಬಲ್ಬಿನ ಬದಲು 9 ವ್ಯಾಟ್ ಎಲ್‌ಇಡಿ ಹಾಕಿ ದಿನಕ್ಕೆ 5 ಗಂಟೆ ಉರಿಸಿದರೆ ವರ್ಷಕ್ಕೆ 93 ಯೂನಿಟ್, ಇಂದಿನ ಗ್ರಿಡ್ಡಿನಲ್ಲಿ ಸುಮಾರು 65 ಕೆ.ಜಿ. ಉಳಿಯುತ್ತದೆ. ನಾಳೆ ಗ್ರಿಡ್ಡಿನ ಅರ್ಧ ಕಲ್ಲಿದ್ದಲು ಹೋಗಿ ಸೌರ, ಪವನ ಬಂದರೆ ಅದೇ ಬಲ್ಬಿನ ಪಾಲು ಅರ್ಧಕ್ಕಿಳಿಯುತ್ತದೆ. ಬಲ್ಬಿನದು, ಸೌರ-ಪವನದ್ದು ಎರಡನ್ನೂ ಪೂರ್ತಿ ಕೂಡಿದರೆ ಒಂದೇ ಟನ್ನನ್ನು ಎರಡು ಸಲ ಎಣಿಸಿದಂತೆ.

ಪ್ರಶ್ನೆ: ಅಮೆರಿಕ ಸರ್ಕಾರ ಒಂದು ಟನ್ ಇಂಗಾಲದ ಹಾನಿಗೆ 2021ರಲ್ಲಿ 51 ಡಾಲರ್ ಎಂದಿತ್ತು, 2023ರಲ್ಲಿ 190 ಡಾಲರ್ ಎಂದಿತು. ಎರಡು ವರ್ಷದಲ್ಲಿ ಭೂಮಿ ಅಷ್ಟು ಬಿಸಿಯಾಯಿತೇ? (ಧಾರವಾಡ)

ಉತ್ತರ: ಬದಲಾದದ್ದು ಭೂಮಿಗಿಂತ ಹೆಚ್ಚಾಗಿ ಲೆಕ್ಕದ ಮಾದರಿ. ಹಾನಿಯ ಅಂದಾಜನ್ನು ಹೊಸದಾಗಿ ಕಟ್ಟಿದರು, ಜೊತೆಗೆ ಡಿಸ್ಕೌಂಟ್ ದರವನ್ನು (ಮುಂದಿನ ಹಣವನ್ನು ಇಂದಿನ ಬೆಲೆಗೆ ಇಳಿಸುವ, ಬಡ್ಡಿಯಂಥ ದರ) ಶೇ 3ರಿಂದ ಶೇ 2ಕ್ಕೆ ಇಳಿಸಿದರು. 100 ವರ್ಷದ ನಂತರದ 1 ಕೋಟಿ ರೂಪಾಯಿ ಹಾನಿ ಶೇ 3ರ ಪ್ರಕಾರ ಇಂದು 5.2 ಲಕ್ಷ, ಶೇ 2ರ ಪ್ರಕಾರ 13.8 ಲಕ್ಷ. 2006ರಲ್ಲಿ ಅರ್ಥಶಾಸ್ತ್ರಜ್ಞ ನಿಕೋಲಸ್ ಸ್ಟರ್ನ್ ಬ್ರಿಟನ್ನಿಗಾಗಿ ಬರೆದ ವರದಿಯಲ್ಲಿ ಬಳಸಿದ ಶೇ 1.4ರಲ್ಲಿ ಅದು ಸುಮಾರು 25 ಲಕ್ಷ. ಈ ವಿಷಯದಲ್ಲಿ ಸ್ಟರ್ನ್ ಅವರೊಡನೆ ಜಗ್ಗಾಡಿದ ವಿಲಿಯಂ ನಾರ್ಡ್‌ಹೌಸ್ 2018ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು.

ನಮ್ಮ ತಕರಾರು ಹಾನಿಯ ಸೂತ್ರದ ಮೇಲೂ ಇದೆ. ನಾರ್ಡ್‌ಹೌಸ್ ಅವರ ‘ಡೈಸ್’ ಮಾದರಿಯ 2016ರ ಆವೃತ್ತಿಯಲ್ಲಿ ಹಾನಿ ತಾಪಮಾನ ಏರಿಕೆಯ ವರ್ಗಕ್ಕೆ (ಏರಿಕೆಯನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರುತ್ತದೆ: 3 ಡಿಗ್ರಿಗೆ ಜಾಗತಿಕ ಉತ್ಪನ್ನದ ಶೇ 2.1, 6 ಡಿಗ್ರಿಗೆ ಶೇ 8.5. ಆರು ಡಿಗ್ರಿ ಏರಿದ ಮೇಲೂ ಜಗತ್ತು ನೂರಕ್ಕೆ ತೊಂಬತ್ತೊಂದರಷ್ಟು ಗಳಿಸಿಕೊಂಡಿರುತ್ತದೆ ಎಂಬುದನ್ನು ಮಳೆಯಾಶ್ರಿತ ಜೋಳ ಬೆಳೆಯುವ ಯಾರಾದರೂ ನಂಬುತ್ತಾರೆಯೇ?

ಪ್ರಶ್ನೆ: ಭಾರತದಲ್ಲಿ ಇಂಗಾಲ ತೆರಿಗೆ ಇದೆಯೇ? (ರಾಯಚೂರು)

ಉತ್ತರ: ಆ ಹೆಸರಿನಲ್ಲಿ ಇಲ್ಲ. ಕಲ್ಲಿದ್ದಲಿಗೆ 2010ರಲ್ಲಿ ಟನ್ನಿಗೆ 50 ರೂಪಾಯಿ ಸೆಸ್ ಶುರುವಾಗಿ 2016ಕ್ಕೆ 400 ಮುಟ್ಟಿತು, 2017ರಲ್ಲಿ ಜಿಎಸ್‌ಟಿ ಪರಿಹಾರ ಸೆಸ್ಸಿನೊಳಗೆ ಸೇರಿತು. ಒಂದು ಟನ್ ದೇಶಿ ಕಲ್ಲಿದ್ದಲಿನಿಂದ ಸುಮಾರು ಒಂದೂವರೆ ಟನ್ ಡೈಆಕ್ಸೈಡ್ ಬರುತ್ತದೆ ಎಂದು ಹಿಡಿದರೆ ಇಂಗಾಲದ ಟನ್ನಿಗೆ 270 ರೂಪಾಯಿ ಆಸುಪಾಸು. ಸೆಪ್ಟೆಂಬರ್ 2025ರಲ್ಲಿ ಆ ಸೆಸ್ ತೆಗೆದು ಜಿಎಸ್‌ಟಿಯನ್ನು ಶೇ 5ರಿಂದ 18ಕ್ಕೆ ಏರಿಸಿದರು. ಮೇಲ್ನೋಟಕ್ಕೆ ಇದು ಏರಿಕೆ, ಆದರೆ ಎಲ್ಲ ಕಲ್ಲಿದ್ದಲಿಗೂ ಅಲ್ಲ. ಟನ್ನಿಗೆ 1,000 ರೂಪಾಯಿ ಬೆಲೆಯ ಕಲ್ಲಿದ್ದಲಿನ ಮೇಲೆ ಮೊದಲು 450 ರೂಪಾಯಿ ಬೀಳುತ್ತಿತ್ತು, ಈಗ 180. ಬೆಲೆ ಸುಮಾರು 3,080 ದಾಟಿದ ಮೇಲಷ್ಟೇ ಹೊಸ ತೆರಿಗೆ ಹಳೆಯದನ್ನು ಮೀರುತ್ತದೆ. ಬೂದಿ ಹೆಚ್ಚಿರುವ ಅಗ್ಗದ ಕಲ್ಲಿದ್ದಲಿಗೇ ಭಾರ ಇಳಿದಿದೆ.